ಕತ್ತಿಯ ಜಾತಿ ಕೇಳಿದವರು ಕೂಲಿ ಕೇಳಲಿಲ್ಲ

ಇಂದಿನ ಹುಡುಗರ ಮೊಬೈಲ್‌ಗಳಲ್ಲಿ ಒಂದು ಬಗೆಯ ಕಥೆಗೆ ಬಲು ಬೇಡಿಕೆ. ಎಲ್ಲಿಯೂ ಇಲ್ಲದ ಒಂದು ನಗರ, ಅಲ್ಲಿ ಲಂಚ, ಒಳಸಂಚು, ರಕ್ತಪಾತ. ಆ ನಗರದೊಳಗೆ ದಣಿದ ಕೆಲವು ಬಾಡಿಗೆ ಯೋಧರು ಬರುತ್ತಾರೆ. ಅವರಿಗೆ ರಾಜನ ಮೇಲೆ ನಿಷ್ಠೆಯಿಲ್ಲ, ಶತ್ರುವಿನ ಮೇಲೆ ದ್ವೇಷವಿಲ್ಲ. ಬಾಕಿ ಉಳಿದ ಸಂಬಳ ಕೈಗೆ ಬಂದರೆ ಊರಿಗೆ ಹೋಗಬೇಕೆಂದು ಕಾಯುವವರು. ಕೊನೆಗೆ ಸಂಬಳವೂ ಬರುವುದಿಲ್ಲ, ಊರೂ ಸಿಗುವುದಿಲ್ಲ. ಸಿನಿಮಾ, ಧಾರಾವಾಹಿ, ಆಟ ಎಲ್ಲದರಲ್ಲೂ ಈ ಕಥೆ ಚೆನ್ನಾಗಿ ಮಾರಾಟವಾಗುತ್ತದೆ.

ಇಂತಹ ಕಥೆಗಳನ್ನು ನೋಡಬೇಡಿರೆಂದು ನಾವು ಹೇಳುವುದಿಲ್ಲ. ಆದರೆ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳ ಹುಡುಗರು ಈ ಕಥೆಯನ್ನು ಹೊರದೇಶದಿಂದ ತರಿಸಿಕೊಳ್ಳಬೇಕಾಗಿಲ್ಲ. ಅದು ಅವರ ಊರಿನಲ್ಲಿಯೇ ಹುಟ್ಟಿದೆ. ಕಲ್ಪನೆಯಲ್ಲ, ನಡೆದ ಸಂಗತಿ. ಅದನ್ನು ಅವರಿಗೆ ಯಾರೂ ಹೇಳಲಿಲ್ಲ, ಅಷ್ಟೆ. ಹೇಳಿದವರೂ ಅರ್ಧ ಮಾತ್ರ ಹೇಳಿದರು. ಆ ಅರ್ಧದಿಂದ ಆಗಿರುವ ಹಾನಿಯ ಬಗ್ಗೆಯೇ ಈ ಬರಹ.

ಧೋಂಡಿಯಾ ವಾಘ್ ಎಂಬ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಚನ್ನಗಿರಿಯಲ್ಲಿ ಹುಟ್ಟಿದವನು. ಪವಾರ್ ಮನೆತನದ ಮರಾಠ. ಹೈದರಾಲಿಯವರ ಸೈನ್ಯದಲ್ಲಿ ಸವಾರನಾಗಿ ಸೇರಿದ. ಮೂರನೆಯ ಮೈಸೂರು ಯುದ್ಧದ ಗದ್ದಲದಲ್ಲಿ ಸೈನ್ಯ ಬಿಟ್ಟು, ತನ್ನದೇ ಗುಂಪು ಕಟ್ಟಿಕೊಂಡು ಧಾರವಾಡ, ಸವಣೂರು ಸೀಮೆಗಳಲ್ಲಿ ಲೂಟಿಗೆ ಇಳಿದ. ಪೇಶ್ವೆಯ ಸರದಾರರು ಅಲ್ಲಿಂದ ಅಟ್ಟಿದಾಗ 1794ರಲ್ಲಿ ಟಿಪ್ಪು ಸುಲ್ತಾನರ ಆಶ್ರಯ ಬಯಸಿ ಬಂದ. ಆಶ್ರಯದ ಬದಲು ಸೆರೆಮನೆ ಸಿಕ್ಕಿತು. ಅಲ್ಲಿ ಅವನನ್ನು ಮುಸ್ಲಿಮನನ್ನಾಗಿ ಮಾಡಲಾಯಿತು. ಮಲಿಕ್ ಜಹಾನ್ ಖಾನ್ ಎಂಬ ಹೆಸರಿನಿಂದಲೂ ಇತಿಹಾಸ ಅವನನ್ನು ಗುರುತಿಸುತ್ತದೆ. ಐದು ವರ್ಷ ಶ್ರೀರಂಗಪಟ್ಟಣದಲ್ಲಿ ಬಂಧಿಯಾಗಿ ಕಳೆದ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಹುತಾತ್ಮರಾದಾಗ, ಆ ಗೊಂದಲದಲ್ಲಿ ಇವನ ಬಿಡುಗಡೆಯಾಯಿತು.

ಆ ರಾತ್ರಿಯ ಶ್ರೀರಂಗಪಟ್ಟಣವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಗೆದ್ದ ಕಂಪೆನಿ ಸೈನ್ಯ ಮನೆ ಮನೆಗೂ ನುಗ್ಗಿತು. ಲೂಟಿಯನ್ನು ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ತನ್ನದೇ ಪಡೆಯ ನಾಲ್ವರನ್ನು ನೇಣಿಗೇರಿಸಬೇಕಾಯಿತು. ಅದಾದ ಮೇಲೆ ಲೂಟಿ ನಿಂತಿತೇ? ಇಲ್ಲ, ಅದು ಕಡತಕ್ಕೆ ಏರಿತು. ವಶಪಡಿಸಿಕೊಂಡ ಸಂಪತ್ತನ್ನು ಹಂಚಲು ಸಮಿತಿಯೇ ರಚನೆಯಾಯಿತು. ಸುಮಾರು 11 ಲಕ್ಷ ಪೌಂಡು ಮೌಲ್ಯದ ಆಸ್ತಿಯಲ್ಲಿ ಸೇನಾಪತಿ ಹ್ಯಾರಿಸನ ಪಾಲಿಗೆ ಬಂದದ್ದು 1 ಲಕ್ಷ 40 ಸಾವಿರ ಪೌಂಡಿಗೂ ಮೇಲೆ. ಅದೇ ಕೋಟೆಯ ಕಂದಕ ದಾಟಿ ಸಾವಿನ ಮುಂದೆ ನಡೆದ ದೇಶೀ ಸಿಪಾಯಿಯ ಪಾಲಿಗೆ ಬಂದದ್ದು ಬೆರಳಲ್ಲಿ ಎಣಿಸುವಷ್ಟು ಪೌಂಡು. ಬೀದಿಯಲ್ಲಿ ಕದ್ದವನಿಗೆ ಹಗ್ಗ, ಕಡತದಲ್ಲಿ ಕದ್ದವನಿಗೆ ಪದವಿ. ಭ್ರಷ್ಟ ನಗರದ ಕಥೆ ಬೇಕೆನ್ನುವವರು ಇದಕ್ಕಿಂತ ದೊಡ್ಡದನ್ನು ಎಲ್ಲಿ ಹುಡುಕುತ್ತಾರೆ?

ಗೆದ್ದವರ ಕಥೆ ಹೀಗಾದರೆ ಸೋತವರ ಕಥೆ ಏನು? ಇಲ್ಲಿ ನಮ್ಮ ಓದುಗರು ಸ್ವಲ್ಪ ನಿಂತು ಯೋಚಿಸಬೇಕು. ಟಿಪ್ಪುವಿನ ದೊಡ್ಡ ಅಧಿಕಾರಿಗಳಿಗೆ ಕಂಪೆನಿ ವ್ಯವಸ್ಥೆ ಮಾಡಿತು. ಮೀರ್ ಖಮರುದ್ದೀನ್ ಖಾನನಿಗೆ ಗುರ್ರಂಕೊಂಡದ ಜಹಗೀರು ದೊರೆಯಿತು. ಪೂರ್ಣಯ್ಯನವರು ಹೊಸ ದೊರೆತನದಲ್ಲಿಯೂ ದಿವಾನರಾದರು, 1807ರಲ್ಲಿ ಯಳಂದೂರು ಜಹಗೀರು ಪಡೆದರು. ಇತರ ಸರದಾರರಿಗೆ ಪಿಂಚಣಿ. ಒಬ್ಬರು ಮುಸ್ಲಿಮರು, ಒಬ್ಬರು ಬ್ರಾಹ್ಮಣರು. ಮೇಲಿನ ಪಂಕ್ತಿಯಲ್ಲಿ ಧರ್ಮಭೇದವಿಲ್ಲದೆ ಎಲೆ ಹಾಕಲಾಯಿತು. ಕೆಳಗಿನ ಪಂಕ್ತಿಯಲ್ಲಿಯೂ ಧರ್ಮಭೇದವಿರಲಿಲ್ಲ. ಶೇಖ್, ಬೇಡ, ಮರಾಠ ಎಲ್ಲರೂ ಬರಿಗೈಯಲ್ಲಿ ಎದ್ದರು. ಕೆಲವರಿಗೆ ಮೈಸೂರಿನ ಹೊಸ ಸೈನ್ಯದಲ್ಲಿ ಜಾಗ ಸಿಕ್ಕಿತು. ಉಳಿದ ಸಾವಿರಾರು ಮಂದಿಗೆ ಉಳಿದದ್ದು ಒಂದು ಕುದುರೆ, ಒಂದು ಕತ್ತಿ ಮತ್ತು ಹಸಿವು.

ಧೋಂಡಿಯಾನ ಸೈನ್ಯ ಹುಟ್ಟಿದ್ದು ಆ ಹಸಿವಿನಿಂದ. ಸೆರೆಮನೆಯಿಂದ ಹೊರಬಿದ್ದ ಈ ಒಂಟಿ ಮನುಷ್ಯನ ಹಿಂದೆ ಕೆಲವೇ ವಾರಗಳಲ್ಲಿ ಸಾವಿರಗಟ್ಟಲೆ ಸವಾರರು ಸೇರಿದ್ದು ಯಾವ ಪವಾಡದಿಂದಲೂ ಅಲ್ಲ. ಬಿದನೂರು, ಶಿವಮೊಗ್ಗ, ಶಿಕಾರಿಪುರ ಸೀಮೆಗಳನ್ನು ಅವನು ಹಿಡಿದ. ಹೊನ್ನಾಳಿ, ನ್ಯಾಮತಿಯ ತುಂಗಭದ್ರೆಯ ದಂಡೆ ಇಡೀ ಕುದುರೆಗಳ ಗೊರಸಿಗೆ ಸಿಕ್ಕಿತು. 1799ರ ಆಗಸ್ಟ್ 17ರಂದು ಶಿಕಾರಿಪುರದಲ್ಲಿ ಸೋತು ಮರಾಠರ ನಾಡಿಗೆ ದಾಟಿದ. ಮರುವರ್ಷ ಇನ್ನೂ ದೊಡ್ಡ ದಂಡಿನೊಡನೆ ಮರಳಿದ. ತನ್ನನ್ನು ಉಭಯ ಲೋಕಾಧೀಶ್ವರನೆಂದು ಕರೆದುಕೊಂಡ. 1800ರ ಜೂನ್ 30ರಂದು ಕಿತ್ತೂರಿನ ಬಳಿ ಪೇಶ್ವೆಯ ಸೇನಾನಿ ಧೋಂಡೋಪಂತ ಗೋಖಲೆ ಇವನ ಕೈಯಲ್ಲಿ ಹತನಾದ. ಒಂದು ತಿಂಗಳ ನಂತರ ಮಲಪ್ರಭೆಯ ದಂಡೆಯ ಮುನವಳ್ಳಿಯ ಬಳಿ ವೆಲ್ಲೆಸ್ಲಿ ಇವನ ಸಾಮಾನು ಸರಂಜಾಮನ್ನೆಲ್ಲ ನಾಶ ಮಾಡಿದ. 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಸುಮಾರು 5000 ಸವಾರರೊಡನೆ ನಿಂತ ಧೋಂಡಿಯಾ ಯುದ್ಧದಲ್ಲಿಯೇ ಸತ್ತ. ಅವನನ್ನು ಕೊಂದ ಸೈನ್ಯದ ಜೊತೆಯಲ್ಲಿದ್ದವರು ನಿಜಾಮರ ಸವಾರರು, ಪೇಶ್ವೆಯ ಸವಾರರು.

ಈ ಕೊನೆಯ ವಾಕ್ಯವನ್ನು ಮತ್ತೊಮ್ಮೆ ಓದಬೇಕೆಂದು ವಿನಂತಿ. ಮರಾಠನಾಗಿ ಹುಟ್ಟಿ, ಮುಸ್ಲಿಮ್ ಹೆಸರು ಹೊತ್ತು, ಮರಾಠ ಸಾಮ್ರಾಜ್ಯದ ಸೇನಾನಿಯನ್ನು ಕೊಂದ ಮನುಷ್ಯನನ್ನು ಮುಗಿಸಲು ಇಂಗ್ಲಿಷರ ಹಿಂದೆ ಮುಸ್ಲಿಮ್ ನಿಜಾಮನ ಕುದುರೆಯೂ ಬ್ರಾಹ್ಮಣ ಪೇಶ್ವೆಯ ಕುದುರೆಯೂ ಜೊತೆ ಜೊತೆಯಾಗಿ ಓಡಿದವು. ಈ ಕಥೆಯನ್ನು ಹಿಂದೂ-ಮುಸ್ಲಿಮ್ ಎಂಬ ಎರಡು ಡಬ್ಬಿಗಳಲ್ಲಿ ಹೇಗೆ ತುಂಬುತ್ತೀರಿ?

ಆದರೂ ತುಂಬುತ್ತಿದ್ದಾರೆ. ಒಬ್ಬರಿಗೆ ಇವನು ಬಲಾತ್ಕಾರದ ಮತಾಂತರಕ್ಕೆ ಗುರಿಯಾದ ಮರಾಠ ವೀರ. ಇನ್ನೊಬ್ಬರಿಗೆ ಟಿಪ್ಪುವಿನ ಸೇಡು ತೀರಿಸಲು ಹೊರಟ ಮಲಿಕ್ ಜಹಾನ್ ಖಾನ್. ಮತ್ತೊಬ್ಬರಿಗೆ ಸ್ವಾತಂತ್ರ್ಯ ಹೋರಾಟಗಾರ. ಇಂಗ್ಲಿಷರ ದಫ್ತರಕ್ಕೆ ಬರೀ ದರೋಡೆಕೋರ. ಎಲ್ಲರೂ ಅವನ ಜಾತಿ ಕೇಳಿದರು, ಧರ್ಮ ಕೇಳಿದರು, ದೇಶಪ್ರೇಮ ಕೇಳಿದರು. ಅವನ ಹಿಂದೆ ಹೋದ ಸಾವಿರಾರು ಸವಾರರಿಗೆ ಬಾಕಿ ಇದ್ದ ಸಂಬಳವೆಷ್ಟು ಎಂದು ಒಬ್ಬರೂ ಕೇಳಲಿಲ್ಲ.

ನಾವು ನಮ್ಮ ಮನೆಯಿಂದಲೇ ಪ್ರಾರಂಭಿಸೋಣ. ಟಿಪ್ಪುವಿನ ಬಗ್ಗೆ ಸುಳ್ಳು ಆರೋಪ ಬಂದಾಗ ನಾವು ಉತ್ತರ ಕೊಡುತ್ತೇವೆ, ಕೊಡಬೇಕು. ಆದರೆ ನಿಜವಾದ ತಪ್ಪು ಎದುರಾದಾಗ ನಮ್ಮ ಲೇಖನಿ ಏಕೆ ತಡವರಿಸುತ್ತದೆ? ಬಲವಂತದ ಮತಾಂತರಕ್ಕೆ ಇಸ್ಲಾಮಿನಲ್ಲಿ ಅವಕಾಶವಿಲ್ಲವೆಂದು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ಹಾಗಿದ್ದರೆ ಆಶ್ರಯ ಬೇಡಿ ಬಂದವನನ್ನು ಸರಪಳಿಯಲ್ಲಿಟ್ಟು ಧರ್ಮ ಬದಲಾಯಿಸಿದ್ದು ತಪ್ಪೆಂದು ಹೇಳಲು ಸಂಕೋಚವೇಕೆ? ಚಿತ್ರದುರ್ಗ 1779ರಲ್ಲಿ ಹೈದರಾಲಿಯವರಿಗೆ ಬಿದ್ದಾಗ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಹುಡುಗರಿಂದ ಚೇಲಾ ಪಡೆ ಕಟ್ಟಲಾಯಿತು. ಜಗಳೂರು ಸೀಮೆ ಆ ದುರ್ಗದ ನಾಯಕರ ಮಗ್ಗುಲಿನ ನಾಡು. ಅಲ್ಲಿನ ಮನೆಗಳ ತಾಯಂದಿರು ಅತ್ತಿದ್ದನ್ನು ನಾವು 'ರಾಜ್ಯನೀತಿ' ಎಂಬ ಒಂದು ಪದದಿಂದ ಒರೆಸಿ ಹಾಕಲು ಸಾಧ್ಯವೇ? ತನ್ನ ತಪ್ಪನ್ನು ಒಪ್ಪಿಕೊಳ್ಳಲಾರದ ಸಮುದಾಯ ಇತರರ ಸುಳ್ಳನ್ನು ಪ್ರಶ್ನಿಸುವ ನೈತಿಕ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯವರಿಗೂ ಹೇಳುವುದಿದೆ. ಚೇಲಾ ಪಡೆಯ ಕಥೆಯನ್ನು ಚುನಾವಣೆ ಬಂದಾಗ ಮಾತ್ರ ನೆನಪಿಸಿಕೊಳ್ಳುವವರು ಆ ಬೇಡರ ಮಕ್ಕಳಿಗೆ ಇಂದು ಏನು ಕೊಟ್ಟಿದ್ದಾರೆ? ಜಗಳೂರು ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ಆದರೂ ಮಳೆಯನ್ನೇ ನಂಬಿದ ಆ ಹೊಲಗಳ ಹುಡುಗರು ಕೂಲಿ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುವುದು ತಪ್ಪಿಲ್ಲ. ಭದ್ರಾ ಮೇಲ್ದಂಡೆಯ ನೀರಿನ ಮಾತು ಕೇಳುತ್ತಲೇ ಒಂದು ತಲೆಮಾರು ನಡುವಯಸ್ಸಿಗೆ ಬಂದಿದೆ. ಅಜ್ಜನ ಮೇಲಾದ ಅನ್ಯಾಯಕ್ಕೆ ಕಣ್ಣೀರು, ಮೊಮ್ಮಗನ ಮೇಲಾಗುತ್ತಿರುವ ಅನ್ಯಾಯಕ್ಕೆ ಮೌನ. ಇದು ಯಾವ ಸೀಮೆಯ ಅಭಿಮಾನ?

ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪವನ್ನು ನೋಡಿ. ಬಂಜಾರ ಸಮುದಾಯ ತನ್ನ ಗುರು ಸೇವಾಲಾಲರ ಜನ್ಮಸ್ಥಳವೆಂದು ಗೌರವಿಸುವ ಊರು. ಆ ಕಾಲದ ಯುದ್ಧಗಳು ನಡೆದದ್ದೇ ಬಂಜಾರರ ಎತ್ತುಗಳ ಬೆನ್ನ ಮೇಲೆ. ಸಾವಿರಾರು ಎತ್ತುಗಳ ಮೇಲೆ ದವಸ ಹೇರಿಕೊಂಡು ಅವರು ದಂಡಿನ ಹಿಂದೆ ನಡೆಯದಿದ್ದರೆ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣ ತಲುಪುತ್ತಿರಲಿಲ್ಲ, ವೆಲ್ಲೆಸ್ಲಿ ಧೋಂಡಿಯಾನ ಬೆನ್ನಟ್ಟುತ್ತಿರಲಿಲ್ಲ. ಮೈಸೂರಿಗೂ ಮಾರಿದರು, ಮರಾಠರಿಗೂ ಮಾರಿದರು, ಇಂಗ್ಲಿಷರಿಗೂ ಮಾರಿದರು. ಅದು ದ್ರೋಹವಲ್ಲ, ಅವರ ಕಸುಬು. ಯುದ್ಧ ಮುಗಿದು, ರಸ್ತೆ ಬಂದು, ರೈಲು ಬಂದ ಮೇಲೆ ಎತ್ತುಗಳಿಗೆ ಕೆಲಸವಿಲ್ಲದಾಯಿತು. ಆಗ ಇಂಗ್ಲಿಷರು ಕೊಟ್ಟ ಬಹುಮಾನವೇನು? 1871ರ ಅಪರಾಧಿ ಬುಡಕಟ್ಟು ಕಾಯ್ದೆ. ದೇಶದ ಹಲವು ಪ್ರಾಂತ್ಯಗಳಲ್ಲಿ ಲಂಬಾಣಿಗಳನ್ನೂ ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಲಾಯಿತು. ಆ ಕಾಯ್ದೆ ಹೋದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ. ಪೊಲೀಸರ ಅನುಮಾನದ ಕಣ್ಣು ಮಾತ್ರ ಇನ್ನೂ ಹೋಗಿಲ್ಲ.

ಇಲ್ಲೊಂದು ನಿಯಮ ಕಾಣಿಸುತ್ತದೆ. ಅಧಿಕಾರಕ್ಕೆ ತೋಳು ಬೇಕಾದಾಗ ಬಡವನ ಮಗನಿಗೆ ಯೋಧನೆಂಬ ಹೆಸರು. ಕೆಲಸ ಮುಗಿದ ಮೇಲೆ ಅವನ ಸಂಬಳ ನಿಲ್ಲುತ್ತದೆ. ಹಸಿದು ಎದ್ದು ನಿಂತರೆ ಅವನೇ ದರೋಡೆಕೋರ, ಅವನೇ ರೌಡಿ, ಅವನೇ ಅಪರಾಧಿ ಬುಡಕಟ್ಟು. ಹೆಸರು ಕೊಡುವವರು ಯಾವಾಗಲೂ ಜಹಗೀರು ಪಡೆದವರೇ. 1830-31ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದಾಗ ಹೊನ್ನಾಳಿಯ ಕಡೆಯೂ ಆ ಬೆಂಕಿ ಹರಡಿತು. ಕಂದಾಯವನ್ನು ಗುತ್ತಿಗೆ ಹಿಡಿದ ಅಮಲ್ದಾರರ ಸುಲಿಗೆ ಅದಕ್ಕೆ ಮುಖ್ಯ ಕಾರಣ. ಆಗಲೂ ಸೈನಿಕರ ಸಂಬಳ ಬಾಕಿಯಿತ್ತು. ದಂಗೆ ಅಡಗಿಸಲು ಬಂದ ಸಿಪಾಯಿಯೂ ದಂಗೆ ಎದ್ದ ರೈತನೂ ಹಸಿದವರೇ. ಅದರ ಲಾಭ ಯಾರಿಗೆ? 1831ರಲ್ಲಿ ಮೈಸೂರಿನ ಆಡಳಿತವನ್ನೇ ಬೆಂಟಿಂಕ್ ಕೈಗೆ ತೆಗೆದುಕೊಂಡ.

"ಹಾಗಾದರೆ ನೀವು ದರೋಡೆಯನ್ನು ಸಮರ್ಥಿಸುತ್ತೀರಾ?" ಎಂದು ಕೆಲವರು ಕೇಳಬಹುದು. ಇಲ್ಲ. ಧೋಂಡಿಯಾನ ಸವಾರರು ಲೂಟಿ ಮಾಡಿದ ಊರುಗಳು ನಮ್ಮವೇ ಊರುಗಳು. ಕಣಜ ಕಳೆದುಕೊಂಡ ರೈತನಿಗೆ, ಮನೆ ಸುಟ್ಟುಹೋದ ನೇಕಾರನಿಗೆ ಬಂದವನ ಸಂಬಳ ಬಾಕಿಯಿತ್ತೆಂಬುದು ಸಮಾಧಾನವಾಗುವುದಿಲ್ಲ. ಹಸಿವು ಕಾರಣವಾಗಬಹುದು, ಅದು ಪರವಾನಗಿಯಲ್ಲ. ಅವನನ್ನು ವೀರನೆಂದು ಮೆರೆಸಬೇಡಿ, ಅವನ ಹೆಸರಿನಲ್ಲಿ ಜಯಂತಿ ಬೇಡ, ಪ್ರತಿಮೆ ಬೇಡ. ಅವನನ್ನು ತಯಾರು ಮಾಡಿದ ಕಾರ್ಖಾನೆಯನ್ನು ತೋರಿಸಿ ಎಂಬುದಷ್ಟೇ ನಮ್ಮ ಮಾತು. ಏಕೆಂದರೆ ಆ ಕಾರ್ಖಾನೆ ಮುಚ್ಚಿಲ್ಲ.

2024ರ ಆರಂಭದಲ್ಲಿ ಬಂದ ಸುದ್ದಿ ನೆನಪಿರಬೇಕು. ಕಲಬುರಗಿಯ ಕೆಲವು ಯುವಕರಿಗೆ ರಷ್ಯಾದಲ್ಲಿ ಕಾವಲು ಕೆಲಸವೆಂದು ಏಜೆಂಟರು ನಂಬಿಸಿದರು. ಅಲ್ಲಿ ಇಳಿದ ಮೇಲೆ ಉಕ್ರೇನ್ ಯುದ್ಧದ ಗಡಿಗೆ ಕಳಿಸಲಾಯಿತು. ಅದೇ ಜಾಲಕ್ಕೆ ಸಿಕ್ಕಿದ ಹೈದರಾಬಾದಿನ ಯುವಕನೊಬ್ಬ ಹೆಣವಾಗಿ ಮರಳಿದ. ಕಲಬುರಗಿಯ ಯುವಕರು 2024ರ ಸೆಪ್ಟೆಂಬರ್‌ನಲ್ಲಿ ಜೀವ ಉಳಿಸಿಕೊಂಡು ಮನೆ ಸೇರಿದರು. ಯಾರ ಯುದ್ಧ, ಯಾರ ನೆಲ, ಯಾರ ಶತ್ರು? ಇವರಿಗೆ ಗೊತ್ತಿದ್ದದ್ದು ಮನೆಯ ಸಾಲ ಮಾತ್ರ. ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಂತೆ ನೋಂದಣಿ ಮಾಡಿಸಿಕೊಂಡಿರಬೇಕು. ನಮ್ಮ ಎಷ್ಟು ಮನೆಗಳಲ್ಲಿ ಮಗನ ಪಾಸ್‌ಪೋರ್ಟು ಕೊಡುವ ಮುನ್ನ ಆ ನೋಂದಣಿ ಪತ್ರವನ್ನು ಕೇಳಿದ್ದೇವೆ?

ದೇಶದೊಳಗಿನ ಮಾತಿಗೆ ಬರೋಣ. 2022ರಲ್ಲಿ ಅಗ್ನಿಪಥ ಯೋಜನೆ ಬಂದಿತು. ನಾಲ್ಕು ವರ್ಷ ಸೇವೆ, ಅದಾದ ಮೇಲೆ ಗರಿಷ್ಠ ನೂರಕ್ಕೆ ಇಪ್ಪತ್ತೈದು ಮಂದಿಗೆ ಮಾತ್ರ ಸೈನ್ಯದಲ್ಲಿ ಜಾಗ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಇಡಿಗಂಟು, ಪಿಂಚಣಿ ಇಲ್ಲ. ದೇಶದ ಸೈನಿಕನನ್ನು ಬಾಡಿಗೆ ಯೋಧನೆಂದು ಕರೆಯುವಷ್ಟು ಅವಿವೇಕ ನಮಗಿಲ್ಲ. ಅವನ ತ್ಯಾಗದ ಮುಂದೆ ತಲೆ ಬಾಗುತ್ತೇವೆ. ಆದರೆ ಆಯುಧ ಹಿಡಿಯಲು ಕಲಿತು ಇಪ್ಪತ್ತೆರಡು, ಇಪ್ಪತ್ತೈದರ ಹರೆಯದಲ್ಲಿ ಮನೆಗೆ ಮರಳುವ ಮಗನಿಗೆ ಮುಂದಿನ ಮೂವತ್ತೈದು ವರ್ಷಗಳ ಅನ್ನ ಎಲ್ಲಿದೆ ಎಂದು ಕೇಳುವುದು ದೇಶದ್ರೋಹವಲ್ಲ. 1799ರ ಬೇಸಿಗೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳದಿದ್ದುದಕ್ಕೆ ಬಯಲುಸೀಮೆ ಒಂದೂವರೆ ವರ್ಷ ಬೆಲೆ ತೆತ್ತಿತು.

ಇನ್ನು ನಮ್ಮ ಪೇಟೆ ಬೀದಿಗಳ ಕೂಲಿ ಸೈನ್ಯ. ಮೆರವಣಿಗೆಗೆ ಜನ ಬೇಕು, ಬಂದ್‌ಗೆ ಕಲ್ಲು ಹೊಡೆಯುವ ಕೈ ಬೇಕು, ಸಾಲ ವಸೂಲಿಗೆ ಗಂಟಲು ಬೇಕು, ಚುನಾವಣೆಗೆ ಬೈಕು ಬೇಕು. ಒಂದು ದಿನಕ್ಕೆ ಇಷ್ಟು, ಊಟ ಬೇರೆ, ಎಣ್ಣೆ ಬೇರೆ. ಬಾವುಟದ ಬಣ್ಣ ಬದಲಾಗುತ್ತದೆ, ಹುಡುಗನ ಹರಿದ ಚಪ್ಪಲಿ ಬದಲಾಗುವುದಿಲ್ಲ. ಆಮೇಲೆ ಮೊಕದ್ದಮೆ. ಮುಂದಾಳು ನಿರೀಕ್ಷಣಾ ಜಾಮೀನು ತಂದುಕೊಂಡು ಟಿಕೆಟ್ಟಿಗೆ ಓಡಾಡುತ್ತಾನೆ. ಹುಡುಗನ ಹೆಸರು ಠಾಣೆಯ ಪಟ್ಟಿಯಲ್ಲಿ ಉಳಿಯುತ್ತದೆ. ಪಾಸ್‌ಪೋರ್ಟಿಲ್ಲ, ಸರಕಾರಿ ಕೆಲಸವಿಲ್ಲ, ಹೆಣ್ಣು ಕೊಡುವವರಿಲ್ಲ.

ದಾವಣಗೆರೆಯ ನ್ಯಾಯಾಲಯದ ಆವರಣದಲ್ಲಿ ನಾವೊಮ್ಮೆ ಒಬ್ಬ ತಾಯಿಯನ್ನು ಕಂಡೆವು. ಮಗನ ವಾಯಿದೆಗೆಂದು ಬೆಳಗಿನ ಬಸ್ಸಿಗೆ ಬಂದಿದ್ದರು. ಕೈಯಲ್ಲಿ ಬುತ್ತಿಯ ಚೀಲ. "ಅವತ್ತು ಕರ್ಕೊಂಡು ಹೋಗಾಕೆ ಮನೆ ಬಾಗ್ಲಿಗೆ ನಾಲ್ಕು ಜನ ಬಂದಿದ್ರು. ಇವತ್ತು ವಾಯ್ದೆಗೆ ನಾನೊಬ್ಳೇ ಬರ್ತೀನಿ ಸಾರ್" ಎಂದರು. ಅವರ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಇದನ್ನು ಓದುತ್ತಿರುವಾಗ ಆ ತಾಯಿ ಯಾವ ಧರ್ಮದವರಿರಬಹುದೆಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಮೂಡಿದ್ದರೆ, ನಾವು ಮಾತನಾಡುತ್ತಿರುವ ರೋಗ ನಮ್ಮನ್ನೂ ನಿಮ್ಮನ್ನೂ ಬಿಟ್ಟಿಲ್ಲವೆಂದೇ ಅರ್ಥ.

ಆದ್ದರಿಂದ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಯಾವ ಸಂಘಟನೆಯೇ ಆಗಲಿ, ಯಾವ ಪಕ್ಷವೇ ಆಗಲಿ, ಯುವಕರನ್ನು ಬೀದಿಗೆ ಕರೆದರೆ ಅವರ ಮೊಕದ್ದಮೆಯ ಖರ್ಚು, ಮನೆಯ ಅಕ್ಕಿ, ತಂಗಿಯ ಶಾಲೆಯ ಶುಲ್ಕ ಎಲ್ಲದಕ್ಕೂ ಹೊಣೆಯಾಗಬೇಕು. ಅದಕ್ಕೆ ತಯಾರಿಲ್ಲದವರಿಗೆ ಕರೆಯುವ ಹಕ್ಕಿಲ್ಲ. ಮಸೀದಿಯ ಖತೀಬರೂ ಮಠದ ಸ್ವಾಮಿಗಳೂ ತಾಂಡಾದ ನಾಯಕರೂ ನಾಯಕ ಸಮಾಜದ ಹಿರಿಯರೂ ಇದನ್ನು ತಮ್ಮ ತಮ್ಮ ಜನರ ಮುಂದೆಯೇ ಹೇಳಬೇಕು. ಇತರರ ಹುಡುಗರಿಗೆ ಬುದ್ಧಿ ಹೇಳುವುದು ಸುಲಭ. ಕರೆಯಲು ಬಂದ ಮುಂದಾಳನ್ನು ತಾಯಿ ತಂದೆಯರು ಒಂದೇ ಪ್ರಶ್ನೆ ಕೇಳಲಿ: "ಅಣ್ಣಾ, ನಿಮ್ಮ ಮಗ ಎಲ್ಲಿ?" ಅವನು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕಾಲೇಜಿನಲ್ಲಿದ್ದರೆ ನಿಮ್ಮ ಮಗನೂ ಮನೆಯಲ್ಲಿರಲಿ.

ಚನ್ನಗಿರಿಯ ಶಾಲೆಯಲ್ಲಿ ಧೋಂಡಿಯಾನ ಕಥೆಯನ್ನು ಹೇಳಿಕೊಡಲಿ. ಪೂರ್ತಿಯಾಗಿ ಹೇಳಲಿ: ಬಲವಂತದ ಮತಾಂತರವನ್ನೂ ಹೇಳಲಿ, ಅವನು ಸುಟ್ಟ ಊರುಗಳನ್ನೂ ಹೇಳಲಿ, ಹ್ಯಾರಿಸನ ಪಾಲನ್ನೂ ಹೇಳಲಿ, ಗುರ್ರಂಕೊಂಡದ ಜಹಗೀರನ್ನೂ ಹೇಳಲಿ. ಮಕ್ಕಳು ಲೆಕ್ಕ ಮಾಡಲಿ. ಜಾತಿಯ ಲೆಕ್ಕವನ್ನು ಅವರಿಗೆ ಕಲಿಸುವವರು ಬೀದಿಗೊಬ್ಬರಿದ್ದಾರೆ, ಕೂಲಿಯ ಲೆಕ್ಕವನ್ನು ಶಾಲೆಯಾದರೂ ಕಲಿಸಲಿ.

ಕೋಣಗಲ್ಲಿನ ರಣರಂಗದಲ್ಲಿ ಧೋಂಡಿಯಾನ ಸಾಮಾನಿನ ನಡುವೆ ಒಬ್ಬ ಪುಟ್ಟ ಹುಡುಗ ಸಿಕ್ಕಿದ. ಸಲಾಬತ್ ಖಾನ್ ಅವನ ಹೆಸರು. ವೆಲ್ಲೆಸ್ಲಿ ಅವನನ್ನು ಕೊಲ್ಲಲಿಲ್ಲ, ಸಾಕಿದ. ತಾನು ದೇಶ ಬಿಡುವಾಗ ಅವನ ಪಾಲನೆಗೆಂದು ಹಣ ಇಟ್ಟು ಹೋದ. ಹುಡುಗ ಬೆಳೆದು ಮೈಸೂರು ಅರಸರ ಚಾಕರಿಗೆ ಸೇರಿ 1822ರಲ್ಲಿ ಕಾಲರಾ ಬೇನೆಗೆ ತೀರಿಕೊಂಡ. ಇಂಗ್ಲಿಷ್ ಪುಸ್ತಕಗಳು ಇದನ್ನು ವೆಲ್ಲೆಸ್ಲಿಯ ದೊಡ್ಡ ಮನಸ್ಸಿಗೆ ಸಾಕ್ಷಿಯಾಗಿ ಹೇಳುತ್ತವೆ. ಒಪ್ಪೋಣ, ಒಳ್ಳೆಯ ಕೆಲಸವೇ. ಆದರೆ ಅಂದು ಆ ಬಯಲಿನಲ್ಲಿ ಬಿದ್ದ ಇತರ ಸವಾರರಿಗೂ ಮಕ್ಕಳಿದ್ದರು. ಅವರನ್ನು ಯಾರು ಸಾಕಿದರು? ಸರದಾರನ ಮಗನಿಗೆ ಸಿಕ್ಕ ಕರುಣೆಯ ಕಥೆ ಪುಸ್ತಕವಾಯಿತು. ಸವಾರನ ಮಗನಿಗೆ ಸಿಗದ ಸಂಬಳದ ಕಥೆ ಇನ್ನೂ ನಡೆಯುತ್ತಿದೆ. ಚನ್ನಗಿರಿಯ ಬಸ್ ನಿಲ್ದಾಣದಲ್ಲಿ, ಜಗಳೂರಿನ ಒಣ ಹೊಲದಲ್ಲಿ, ದಾವಣಗೆರೆಯ ನ್ಯಾಯಾಲಯದ ಮೆಟ್ಟಿಲ ಮೇಲೆ.